ಭಾವನ ಹಳೇ ಪ್ಲಾಸ್ಮಾ ತರಲೋ, ಹೊಸ ಎಲ್‌ಇಡಿ ಕೊಳ್ಳಲೋ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ, ತೋಟದ ಮನೆ. ಇದ್ದ ಟಿವಿ ಕೆಟ್ಟಿದೆ. ಬೆಂಗಳೂರಿನ ನಮ್ಮ ಭಾವ ಮನೆ ಬದಲಿಸುತ್ತಿದ್ದಾರೆ. 2011ರಲ್ಲಿ ಕೊಂಡ 50 ಇಂಚಿನ ಪ್ಲಾಸ್ಮಾ ಟಿವಿಯನ್ನು ಎಂಟು ಸಾವಿರಕ್ಕೆ ಕೊಡುತ್ತೇನೆ ಅಂತಾರೆ. ಅದರ ಚಿತ್ರದ ಮುಂದೆ ಈಗಿನ ಟಿವಿಗಳು ಏನೂ ಅಲ್ಲ ಅನ್ನುವುದು ಅವರ ಮಾತು. ಇಲ್ಲಿ ಅಂಗಡಿಯಲ್ಲಿ 43 ಇಂಚಿನ ಎಲ್‌ಇಡಿ ಟಿವಿಗೆ 26 ಸಾವಿರ ಹೇಳಿದರು. ಟಿವಿ ಇಡುವುದು ಜಗಲಿಯಲ್ಲಿ, ಕೂರುವುದು ಸುಮಾರು ಹತ್ತು ಅಡಿ ದೂರದಲ್ಲಿ. ಅಪ್ಪನಿಗೆ ಬೆಳಿಗ್ಗೆ, ಸಂಜೆ ನ್ಯೂಸ್ ಬೇಕು, ರಾತ್ರಿ ಯಕ್ಷಗಾನ ಬೇಕು. ಮಕ್ಕಳಿಗೆ ಕ್ರಿಕೆಟ್. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಜಾಸ್ತಿ, ಯುಪಿಎಸ್ ಇದೆ. ಯಾವುದು ಒಳ್ಳೆಯದು ಸರ್?

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಚೆನ್ನಾಗಿ ಇಟ್ಟುಕೊಂಡ ಪ್ಲಾಸ್ಮಾ ಟಿವಿಯನ್ನು ರಾತ್ರಿ ದೀಪ ಆರಿಸಿ ನೋಡಿದರೆ, ಅದರ ಪಕ್ಕದಲ್ಲಿ 26 ಸಾವಿರದ ಎಲ್‌ಇಡಿ ಇವತ್ತಿಗೂ ಸಪ್ಪೆಯೇ. ಇಪ್ಪತ್ತೈದು ವರ್ಷ ಎರಡೂ ಬಗೆಯ ಟಿವಿಗಳನ್ನು ಬಿಚ್ಚಿ ಜೋಡಿಸಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಆದರೂ ನಿಮ್ಮ ಮನೆಗೆ ಅದನ್ನು ತರಬೇಡಿ. ಚಿತ್ರ ಚೆನ್ನಾಗಿರುವುದು ಒಂದು ಮಾತು. ನಿಮ್ಮ ಜಗಲಿಯ ಬೆಳಕಿನಲ್ಲಿ, ನಿಮ್ಮೂರಿನ ಕರೆಂಟಿನಲ್ಲಿ, ನಿಮ್ಮ ಅಪ್ಪನ ನ್ಯೂಸ್ ಚಾನೆಲ್‌ ಜೊತೆ ಅದು ಬಾಳಿಕೆ ಬರುವುದು ಇನ್ನೊಂದು ಮಾತು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಅಂಗಡಿಯವರು ಎಲ್‌ಇಡಿ ಟಿವಿ ಅನ್ನುವುದು ಬೇರೆ ಜಾತಿಯೇನಲ್ಲ, ಅದು ಎಲ್‌ಸಿಡಿ ಟಿವಿಯೇ. ಮೊದಲಿನ ಎಲ್‌ಸಿಡಿಗಳಲ್ಲಿ ಪರದೆಯ ಹಿಂದೆ ಸಣ್ಣ ಟ್ಯೂಬ್‌ಲೈಟುಗಳು ಇರುತ್ತಿದ್ದವು. ಆಮೇಲೆ ಆ ಜಾಗಕ್ಕೆ ಎಲ್‌ಇಡಿ ದೀಪ ಬಂತು, ಹೆಸರೂ ಬದಲಾಯಿತು. ಮುಂದಿರುವ ಪರದೆ ಅದೇ. ಹಾಗಾಗಿ ನಿಮ್ಮ ಪ್ರಶ್ನೆ ನಿಜವಾಗಿ ಪ್ಲಾಸ್ಮಾನೋ ಎಲ್‌ಸಿಡಿನೋ ಅನ್ನುವ ಹಳೇ ಪ್ರಶ್ನೆಯೇ.

ಎರಡೂ ಚಿತ್ರ ಮೂಡಿಸುವ ಬಗೆ ಪೂರ್ತಿ ಬೇರೆ. ಪ್ಲಾಸ್ಮಾದಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ಲಕ್ಷಗಟ್ಟಲೆ ಸಣ್ಣ ಸಣ್ಣ ಗೂಡುಗಳಿರುತ್ತವೆ. ಒಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟ್ ಹರಿದಾಗ ಅನಿಲದಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹೊರಡುತ್ತದೆ. ಅದು ಗೂಡಿನ ಗೋಡೆಗೆ ಬಳಿದ ಫಾಸ್ಫರ್ ಪುಡಿಗೆ ತಾಗಿ ಕೆಂಪು, ಹಸಿರು, ನೀಲಿ ಬಣ್ಣ ಬೆಳಗುತ್ತದೆ. ಮನೆಯ ಟ್ಯೂಬ್‌ಲೈಟ್ ಬೆಳಗುವುದೂ ಹೆಚ್ಚುಕಡಿಮೆ ಹೀಗೇ. ಅಂದರೆ ಪ್ಲಾಸ್ಮಾ ಪರದೆಯ ಒಂದೊಂದು ಚುಕ್ಕೆಯೂ ತಾನೇ ಒಂದು ದೀಪ. ಕಪ್ಪು ಬೇಕಾದ ಕಡೆ ಆ ದೀಪವನ್ನು ಹೆಚ್ಚುಕಡಿಮೆ ಆರಿಸಿಬಿಡಬಹುದು.

ಎಲ್‌ಸಿಡಿಯಲ್ಲಿ ಚುಕ್ಕೆಗೆ ಸ್ವಂತ ಬೆಳಕಿಲ್ಲ. ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ದ್ರವಸ್ಫಟಿಕಗಳು ಪುಟ್ಟ ಕಿಟಕಿ ಬಾಗಿಲಿನ ಹಾಗೆ ಆ ಬೆಳಕನ್ನು ಬಿಡುತ್ತವೆ, ತಡೆಯುತ್ತವೆ. ಎಷ್ಟೇ ಗಟ್ಟಿಯಾಗಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ. ನಿಮ್ಮದು ಹಂಚಿನ ಮನೆಯಾದರೆ ಗೊತ್ತಿರುತ್ತದೆ, ಬಾಗಿಲು ಕಿಟಕಿ ಎಲ್ಲ ಹಾಕಿದರೂ ಹಂಚಿನ ಸಂದಿಯಿಂದ ಬಿಸಿಲಕೋಲು ಇಳಿದೇ ಇಳಿಯುತ್ತದೆ. ಎಲ್‌ಸಿಡಿಯ ಕಪ್ಪು ಬೂದಿ ಬಣ್ಣಕ್ಕೆ ತಿರುಗುವುದು ಈ ಸೋರಿಕೆಯಿಂದ.

ಯಕ್ಷಗಾನದ ವಿಡಿಯೋದಲ್ಲಿ ಇದು ಎದ್ದು ಕಾಣುತ್ತದೆ. ಬಯಲಾಟದ ರಂಗಸ್ಥಳದ ಹಿಂದೆ ರಾತ್ರಿಯ ಕತ್ತಲು. ಮುಂದೆ ಕೆಂಪು ಮುಂಡಾಸು, ಜರಿ, ಭುಜಕೀರ್ತಿ, ಎದೆಕಟ್ಟಿನ ಹೊಳಪು. ಕತ್ತಲು ನಿಜವಾಗಿ ಕತ್ತಲಾಗಿದ್ದರೆ ಮಾತ್ರ ಆ ಹೊಳಪಿಗೆ ಬೆಲೆ. ಪ್ಲಾಸ್ಮಾದಲ್ಲಿ ವೇಷ ಕತ್ತಲಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಅಗ್ಗದ ಎಲ್‌ಸಿಡಿಯಲ್ಲಿ ಹಿಂದೆ ಮಂಜು ಕವಿದ ಹಾಗೆ. ಮಂಡಿ ಕುಣಿತದಲ್ಲಿ ಇನ್ನೊಂದು ವ್ಯತ್ಯಾಸವೂ ಕಾಣುತ್ತದೆ. ಪ್ಲಾಸ್ಮಾದ ಚುಕ್ಕೆ ಕ್ಷಣಕ್ಕೊಮ್ಮೆ ಮಿನುಗಿ ಆರುತ್ತದೆ, ಆದ್ದರಿಂದ ವೇಗದ ಚಲನೆ ಸ್ಪಷ್ಟ. ಎಲ್‌ಸಿಡಿಯ ಸ್ಫಟಿಕ ತಿರುಗಲು ಸಮಯ ತೆಗೆದುಕೊಳ್ಳುತ್ತದೆ, ಮುಂದಿನ ಚಿತ್ರ ಬರುವ ತನಕ ಹಿಂದಿನದು ನಿಂತೇ ಇರುತ್ತದೆ. ಹಾಗಾಗಿ ಗಿರಗಿರ ತಿರುಗುವ ವೇಷದ ಅಂಚು ಮಸುಕಾದ ಹಾಗೆ ಕಾಣುತ್ತದೆ. ಆದರೆ ಮೊಬೈಲಿನಲ್ಲಿ ಅರೆಬೆಳಕಿನಲ್ಲಿ ತೆಗೆದ ವಿಡಿಯೋ ಆದರೆ ಮಸುಕು ಅದರಲ್ಲೇ ಇರುತ್ತದೆ. ಅದನ್ನು ಯಾವ ಟಿವಿಯೂ ಸರಿಮಾಡಲಾರದು.

ಇಷ್ಟು ಒಳ್ಳೆಯ ಟಿವಿ ಯಾಕೆ ಹೋಯಿತು? ಪ್ಲಾಸ್ಮಾ ಪರದೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ, ರಾಬರ್ಟ್ ವಿಲ್ಸನ್ ಅನ್ನುವ ಮೂವರು ಅದನ್ನು ಪಾಠ ಹೇಳಿಕೊಡುವ ಒಂದು ಕಂಪ್ಯೂಟರ್ ವ್ಯವಸ್ಥೆಗಾಗಿ ಮಾಡಿದ್ದರು. ಗೋಡೆಗೆ ತೂಗುಹಾಕುವ ಟಿವಿಯಾಗಿ ಮನೆಗಳಿಗೆ ಬರಲು ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಪಯೋನಿಯರ್ ಕಂಪನಿಯ ಕುರೋ ಅನ್ನುವ ಮಾದರಿಯನ್ನು ಟಿವಿ ಪ್ರಿಯರು ಇವತ್ತಿಗೂ ನೆನೆಯುತ್ತಾರೆ. ಕುರೋ ಅಂದರೆ ಜಪಾನಿ ಭಾಷೆಯಲ್ಲಿ ಕಪ್ಪು. ಆ ಕಂಪನಿ 2009ರಲ್ಲೇ ಟಿವಿ ತಯಾರಿಕೆ ನಿಲ್ಲಿಸುತ್ತೇವೆ ಅಂದಿತು. ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ಪರದೆ ತಯಾರಿಸುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ನಿಲ್ಲಿಸಿದವು.

ನಾನು ಕಂಡ ಹಾಗೆ ಪ್ಲಾಸ್ಮಾ ಸೋತದ್ದು ಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ. ಶೋರೂಮ್ ಅಂದರೆ ತಲೆಯ ಮೇಲೆ ಸಾಲು ಸಾಲು ದೀಪ. ಪ್ಲಾಸ್ಮಾದ ಮುಂದಿನ ಗಾಜು ಆ ದೀಪಗಳನ್ನೆಲ್ಲ ಕನ್ನಡಿಯ ಹಾಗೆ ತೋರಿಸುತ್ತಿತ್ತು. ಪರದೆ ಪೂರ್ತಿ ಬಿಳಿಯಾದಾಗ ಕರೆಂಟ್ ಮಿತಿಯಲ್ಲಿಡಲು ಅದು ತಾನಾಗಿ ಮಂಕಾಗುತ್ತಿತ್ತು. ಪಕ್ಕದ ಎಲ್‌ಸಿಡಿ ಕಣ್ಣು ಕೋರೈಸುತ್ತಿತ್ತು. ಜನ ಬೆಳಕು ಕಂಡ ಕಡೆ ದುಡ್ಡು ಕೊಟ್ಟರು. ಜೊತೆಗೆ ಪ್ಲಾಸ್ಮಾವನ್ನು 32 ಇಂಚಿಗೆ ಇಳಿಸುವುದು, 4ಕೆಗೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳಿಗೆ ಏರಿಸುವುದು ಎರಡೂ ಕಷ್ಟ. ಕರೆಂಟೂ ಜಾಸ್ತಿ ತಿನ್ನುತ್ತಿತ್ತು. ಇವೆಲ್ಲ ಸೇರಿ ಅದರ ಕಾಲ ಮುಗಿಯಿತು.

ಈಗ ನಿಮ್ಮ ಮನೆಗೆ ಬರೋಣ. ಹಗಲು ಜಗಲಿಗೆ ಬೆಳಕು ಎಲ್ಲಿಂದ ಬರುತ್ತದೆ, ಒಮ್ಮೆ ಗಮನಿಸಿ. ಮಲೆನಾಡಿನ ಹೆಚ್ಚಿನ ಮನೆಗಳಲ್ಲಿ ಅಂಗಳದ ಕಡೆಯಿಂದ ಬೆಳಕು ಬರುತ್ತದೆ, ಟಿವಿ ಇರುವುದು ಅದಕ್ಕೆ ಎದುರಿನ ಗೋಡೆಯಲ್ಲಿ. ಬೆಳಗಿನ ನ್ಯೂಸ್ ಹೊತ್ತಿಗೆ ಪ್ಲಾಸ್ಮಾದ ಗಾಜಿನಲ್ಲಿ ನಿಮಗೆ ಅಂಗಳವೇ ಕಾಣುತ್ತದೆ. ಅಪ್ಪ ರಾತ್ರಿ ಎರಡು ಗಂಟೆ ಯಕ್ಷಗಾನ ನೋಡುವುದಕ್ಕೆ ಮಾತ್ರ ಟಿವಿ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಅಪ್ಪನ ನ್ಯೂಸ್. ಪ್ಲಾಸ್ಮಾದ ಫಾಸ್ಫರ್ ಉರಿದಷ್ಟೂ ಸವೆಯುತ್ತದೆ. ಪರದೆ ಪೂರ್ತಿ ಒಂದೇ ಸಮ ಸವೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಕನ್ನಡ ನ್ಯೂಸ್ ಚಾನೆಲ್‌ಗಳ ಪರದೆ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ದಪ್ಪ ಬಿಳಿ ಅಕ್ಷರ. ದಿನಕ್ಕೆ ಮೂರು ನಾಲ್ಕು ಗಂಟೆ ಅದೇ ಪಟ್ಟಿ ಅದೇ ಜಾಗದಲ್ಲಿ ನಿಂತರೆ ಅಲ್ಲಿನ ಗೂಡುಗಳು ಬೇಗ ಸವೆದು ಪಟ್ಟಿಯ ಅಚ್ಚು ಪರದೆಯ ಮೇಲೆ ಉಳಿದುಬಿಡುತ್ತದೆ. ಆಮೇಲೆ ರಾತ್ರಿ ಯಕ್ಷಗಾನ ಹಾಕಿದರೂ ಭಾಗವತರ ಮೇಲೆ ನ್ಯೂಸ್ ಪಟ್ಟಿಯ ನೆರಳು ಬೀಳುತ್ತದೆ. ಹೋಟೆಲ್, ಆಸ್ಪತ್ರೆಗಳಿಂದ ಬಂದ ಇಂಥ ಟಿವಿಗಳನ್ನು ಎಷ್ಟೋ ನೋಡಿದ್ದೇನೆ. ಹೊಸದರಲ್ಲಿ ಅಚ್ಚು ತೆಳುವಾಗಿದ್ದರೆ ಬೇರೆ ಬೇರೆ ಚಿತ್ರ ಓಡಿಸಿ ಸ್ವಲ್ಪ ಅಳಿಸಬಹುದು. ಆಳಕ್ಕೆ ಇಳಿದ ಮೇಲೆ ಔಷಧಿಯಿಲ್ಲ. ಈ ತೊಂದರೆ ಎಲ್‌ಸಿಡಿಗೆ ಇಲ್ಲವೆಂದೇ ಹೇಳಬಹುದು. ಪ್ಲಾಸ್ಮಾದ ಹಾಗೆ ಚುಕ್ಕೆಯೇ ಬೆಳಗುವ ಒಎಲ್‌ಇಡಿ ಅನ್ನುವ ಬಗೆ ಈಗ ಇದೆ, ಕಪ್ಪು ಅದರಲ್ಲಿ ಇನ್ನೂ ಚೆನ್ನ. ಅದಕ್ಕೂ ಅಚ್ಚಿನ ಭಯ ಇದೆ, ಬೆಲೆಯೂ ನಿಮ್ಮ ಲೆಕ್ಕದಿಂದ ದೂರ. ಅದನ್ನು ಇಲ್ಲಿಗೇ ಬಿಡೋಣ.

ಕರೆಂಟಿನ ಲೆಕ್ಕ ಹಾಕೋಣ. ಆ ಕಾಲದ 50 ಇಂಚಿನ ಪ್ಲಾಸ್ಮಾ ಕಪ್ಪು ದೃಶ್ಯಗಳಲ್ಲಿ ಕಡಿಮೆ, ಬಿಳಿ ದೃಶ್ಯಗಳಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಸರಾಸರಿ 250 ವಾಟ್ ಅಂತ ಹಿಡಿಯಿರಿ. ದಿನಕ್ಕೆ ಆರು ಗಂಟೆ ಹಾಕಿದರೆ ತಿಂಗಳಿಗೆ 45 ಯೂನಿಟ್. ಅಷ್ಟೇ ದೊಡ್ಡ ಎಲ್‌ಇಡಿಗೆ 100 ವಾಟ್ ಹಿಡಿದರೂ 18 ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲಿ ಈ 27 ಯೂನಿಟ್ ವ್ಯತ್ಯಾಸ ಸಣ್ಣದಲ್ಲ. ನಿಮ್ಮ ಹಿಂದಿನ ಬಳಕೆಯ ಸರಾಸರಿ ನೋಡಿ ಒಂದು ಮಿತಿ ಹಾಕಿರುತ್ತಾರೆ, ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮ ಮೇಲೆ. ತೋಟದ ಮನೆಯಲ್ಲಿ ಫ್ರಿಜ್, ಮಿಕ್ಸಿ, ಗ್ರೈಂಡರ್ ಎಲ್ಲ ಸೇರಿ ಆ ಗೆರೆಯ ಹತ್ತಿರ ಇದ್ದವರನ್ನು ಒಂದು ಟಿವಿ ಆಚೆಗೆ ದಾಟಿಸಿಬಿಡಬಹುದು. ಕಳೆದ ಆರು ತಿಂಗಳ ಬಿಲ್ ತೆಗೆದು ನೋಡಿ.

ಯುಪಿಎಸ್ ಲೆಕ್ಕ ಇನ್ನೂ ಕಠಿಣ. 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವಾಟ್ ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು ಅನ್ನುವುದು ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 1,200. ಪ್ಲಾಸ್ಮಾ ಒಂದೇ ಹಾಕಿದರೂ ಐದು ಗಂಟೆ ಬರುವುದಿಲ್ಲ. ಎಲ್‌ಇಡಿ ಆದರೆ ಹನ್ನೆರಡು ಗಂಟೆ. ಆಷಾಢದ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಮನೆಯ ದೀಪ, ಮೊಬೈಲ್ ಚಾರ್ಜ್ ಎಲ್ಲವೂ ಆ ಒಂದು ಬ್ಯಾಟರಿಯ ಮೇಲೇ ಇರುತ್ತದೆ ಅಲ್ವಾ?

ಇನ್ನು ರಿಪೇರಿ. ಪ್ಲಾಸ್ಮಾದ ಗೂಡುಗಳನ್ನು ಬೆಳಗಿಸಲು ಒಳಗೆ 200 ವೋಲ್ಟ್ ಆಸುಪಾಸಿನ ಪೆಟ್ಟು ಬೇಕು. ಅದನ್ನು ಕೊಡುವ ಬೋರ್ಡಿಗೆ ನಾವು ವೈ-ಸಸ್ ಬೋರ್ಡ್ ಅನ್ನುತ್ತೇವೆ. ಹೆಚ್ಚಿನ ಪ್ಲಾಸ್ಮಾಗಳು ಸಾಯುವುದು ಅಲ್ಲೇ, ಇಲ್ಲವೇ ಪವರ್ ಸಪ್ಲೈನಲ್ಲಿ. ಮಲೆನಾಡಿನ ತೇವ ಆ ಬೋರ್ಡುಗಳಿಗೆ ಆಗುವುದಿಲ್ಲ. ಬೆಚ್ಚಗಿರುತ್ತದೆ ಅಂತ ಹಲ್ಲಿಗಳೂ ಹಿಂದಿನ ತೂತಿನಿಂದ ಒಳಗೆ ಸೇರುತ್ತವೆ. ಹಲ್ಲಿ ಅಡ್ಡ ಬಿದ್ದು ಸುಟ್ಟ ಬೋರ್ಡುಗಳನ್ನು ನಾನೇ ಬಿಚ್ಚಿದ್ದೇನೆ. ತಯಾರಿಕೆ ನಿಂತು ಹತ್ತು ವರ್ಷ ದಾಟಿತು, ಹೊಸ ಬೋರ್ಡ್ ಬರುವುದಿಲ್ಲ. ಗುಜರಿಗೆ ಬಂದ ಇನ್ನೊಂದು ಟಿವಿಯಿಂದ ಕಿತ್ತದ್ದನ್ನು ಹುಡುಕಬೇಕು, ಅದೂ ಅದೇ ಮಾದರಿಯದ್ದೇ ಆಗಬೇಕು. ಅದರ ಆಯುಷ್ಯ ಎಷ್ಟು ಉಳಿದಿದೆ ಅಂತ ಯಾರೂ ಹೇಳಲಾರರು. ಸಾಗರದಲ್ಲಿ ಕೂತು ಈ ಹುಡುಕಾಟ ಸುಮ್ನೆ ದುಡ್ಡು, ದಿನ ಎರಡರ ದಂಡ.

ಸಾಗಣೆಯೂ ಸುಲಭವಲ್ಲ. ಪ್ಲಾಸ್ಮಾವನ್ನು ಮಲಗಿಸಿ ತರಬಾರದು, ಗಾಜಿನ ಹಲಗೆ ತನ್ನದೇ ಭಾರಕ್ಕೆ ಬಾಗಿ ಬಿರುಕು ಬಿಡಬಹುದು. ಮೂವತ್ತು ಕಿಲೋ ಆಸುಪಾಸಿನ ಟಿವಿಯನ್ನು ನೆಟ್ಟಗೆ ನಿಲ್ಲಿಸಿ, ಕಟ್ಟಿ, 350 ಕಿಲೋಮೀಟರಿಗೂ ಜಾಸ್ತಿ ದೂರ ತರಬೇಕು. ಬಸ್ಸಿನ ಲಗೇಜಿನಲ್ಲಿ ಖಂಡಿತ ಬೇಡ.

ಇಷ್ಟು ಹೇಳಿದ ಮೇಲೂ ಭಾವ ದುಡ್ಡು ಬೇಡ ಅಂದು, ಯಾರೋ ಕಾರಿನಲ್ಲಿ ಜೋಪಾನವಾಗಿ ತಂದುಕೊಟ್ಟರೆ, ಒಳಗಿನ ಕತ್ತಲ ಕೋಣೆಯಲ್ಲಿ ರಾತ್ರಿ ಆಟಕ್ಕೆ ಅಂತ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಅವರ ಮನೆಯಲ್ಲೇ ಪರೀಕ್ಷೆ ಮಾಡಿ. ಪೂರ್ತಿ ಬಿಳಿ, ಬೂದಿ, ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಪೆನ್‌ಡ್ರೈವಿನಿಂದ ಪರದೆ ತುಂಬಾ ಹಾಕಿ. ಲೋಗೋ, ಪಟ್ಟಿಗಳ ಅಚ್ಚು ಇದ್ದರೆ ಅಲ್ಲೇ ಕಾಣುತ್ತದೆ. ಆಮೇಲೆ ಕಪ್ಪು ಚಿತ್ರ ಹಾಕಿ ದೀಪ ಆರಿಸಿ. ಅಲ್ಲಲ್ಲಿ ಕೆಂಪು, ಹಸಿರು ಕಿಡಿ ಮಿನುಗುತ್ತಿದ್ದರೆ ವೋಲ್ಟೇಜ್ ಬೋರ್ಡ್ ದಣಿದಿದೆ ಅಂತ ಅರ್ಥ. ಧ್ವನಿ ಮ್ಯೂಟ್ ಮಾಡಿ ಕಿವಿ ಕೊಡಿ. ಮೆಲ್ಲಗಿನ ಗುಂಯ್ ಸದ್ದು ಪ್ಲಾಸ್ಮಾಕ್ಕೆ ಸಹಜ, ಹತ್ತು ಅಡಿಗೂ ಕೇಳಿದರೆ ಬೇಡ. ಒಂದು ಗಂಟೆ ಓಡಿಸಿಯೇ ನೋಡಿ, ಬಿಸಿಯಾದ ಮೇಲೆ ಕಾಣುವ ದೋಷಗಳೂ ಇವೆ. ಹಿಂದಿನ ಮುಚ್ಚಳ ಮಾತ್ರ ನೀವು ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಹೊಸ ಟಿವಿ ಕೊಳ್ಳುವುದಕ್ಕೆ ಬಂದರೆ, 43 ಇಂಚು ನಿಮ್ಮ ಹತ್ತು ಅಡಿಗೆ ಸಣ್ಣದಾಯಿತು. ದುಡ್ಡು ಹೊಂದಿಸಲು ಆಗುವುದಾದರೆ 50 ಇಂಚಿಗೆ ಹೋಗಿ. ಇಂಚಿನಲ್ಲಿ ಏಳೇ ವ್ಯತ್ಯಾಸ ಅನ್ನಿಸಿದರೂ ಪರದೆಯ ಹರವು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಗ್ಗುತ್ತದೆ. ವಯಸ್ಸಾದ ಕಣ್ಣಿಗೆ ಇದು ಬೇರೆ ಎಲ್ಲ ಸೌಲಭ್ಯಕ್ಕಿಂತ ದೊಡ್ಡ ಉಪಕಾರ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ನೀವು ಕೇಳಿದ ಬೆಲೆ ಅದಕ್ಕೂ ಹಿಂದಿನದಾದರೆ ಇನ್ನೊಮ್ಮೆ ವಿಚಾರಿಸಿ.

4ಕೆ ಅನ್ನುವ ಮಾತಿಗೆ ನಿಮ್ಮ ಜಗಲಿಯಲ್ಲಿ ಜಾಸ್ತಿ ಬೆಲೆ ಕೊಡಬೇಡಿ. ಒಳ್ಳೆಯ ಕಣ್ಣಿಗೆ ಹತ್ತು ಅಡಿಯಿಂದ ಬೇರೆ ಬೇರೆಯಾಗಿ ಕಾಣುವ ಚುಕ್ಕೆಯ ಅಳತೆ ಸುಮಾರು 0.9 ಮಿಲಿಮೀಟರ್. 50 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಯೇ 0.6 ಮಿಲಿಮೀಟರಿಗಿಂತ ಸಣ್ಣದು. ಅಂದರೆ ಅದಕ್ಕಿಂತ ಸಣ್ಣ ಚುಕ್ಕೆ ಇದ್ದರೂ ಅಲ್ಲಿಂದ ಕಾಣದು. ಈಗ ಆ ಅಳತೆಯ ಟಿವಿಗಳೆಲ್ಲ ಹೆಚ್ಚುಕಡಿಮೆ 4ಕೆಯೇ ಬರುತ್ತವೆ, ಬಂದರೆ ಬರಲಿ. ಅದಕ್ಕೋಸ್ಕರ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಡಿ.

ಆರಿಸಬೇಕಾದದ್ದು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆ ನೋಡಿ. ಎಲ್‌ಸಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ, ವಿಎ ಮತ್ತು ಐಪಿಎಸ್. ವಿಎ ಪ್ಯಾನೆಲ್ ಬೆಳಕನ್ನು ಚೆನ್ನಾಗಿ ಮುಚ್ಚುತ್ತದೆ. ಅದರ ಬಿಳಿ ಕಪ್ಪಿಗಿಂತ ಮೂರು ಸಾವಿರ ಪಟ್ಟು, ಕೆಲವದರಲ್ಲಿ ಅದಕ್ಕೂ ಜಾಸ್ತಿ ಪ್ರಕಾಶ. ಐಪಿಎಸ್‌ನಲ್ಲಿ ಇದು ಸಾವಿರ ಪಟ್ಟಿನ ಆಸುಪಾಸು. ಯಕ್ಷಗಾನಕ್ಕೆ ವಿಎ ಬೇಕು. ಅದಕ್ಕೂ ಎರಡು ಕೊರತೆ ಇದೆ. ಪಕ್ಕದಿಂದ ನೋಡಿದರೆ ಬಣ್ಣ ಪೇಲವ, ಮತ್ತು ಕಪ್ಪು ದೃಶ್ಯದಲ್ಲಿ ವೇಗದ ಚಲನೆಯ ಹಿಂದೆ ಸ್ವಲ್ಪ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತದೆ. ಅಪ್ಪನ ಆರಾಮ ಕುರ್ಚಿ ಟಿವಿಗೆ ನೇರ ಎದುರಿಗಿದ್ದರೆ ಮೊದಲನೆಯದು ಲೆಕ್ಕಕ್ಕಿಲ್ಲ. ಎರಡನೆಯದನ್ನು ಸಹಿಸಿಕೊಳ್ಳಬಹುದು, ಬೂದಿ ಬಣ್ಣದ ರಾತ್ರಿಯನ್ನು ಸಹಿಸುವುದು ಕಷ್ಟ. ಮನೆಮಂದಿ ಎಲ್ಲ ಜಗಲಿಯ ಎರಡೂ ಬದಿ ಹರಡಿ ಕೂರುವವರಾದರೆ ಮಾತ್ರ ಐಪಿಎಸ್ ಯೋಚಿಸಿ.

ಡಬ್ಬದ ಮೇಲೆ ಪ್ಯಾನೆಲ್ ಹೆಸರು ಬರೆದಿರುವುದು ಅಪರೂಪ. ಒಂದೇ ಮಾದರಿಯಲ್ಲಿ 43ಕ್ಕೆ ಒಂದು ಬಗೆ, 50ಕ್ಕೆ ಇನ್ನೊಂದು ಬಗೆ ಇರುವುದೂ ಉಂಟು. ಹಾಗಾಗಿ ಕಣ್ಣಿನಿಂದಲೇ ನೋಡಬೇಕು. ಅಪ್ಪನಿಗೆ ಇಷ್ಟವಾದ ಒಂದು ರಾತ್ರಿ ಆಟದ ವಿಡಿಯೋ, ಒಂದು ಪೂರ್ತಿ ಕಪ್ಪು ಚಿತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಅಂಗಡಿಯವರು ಹಾಕಿಟ್ಟ ಹೂವಿನ, ಹಣ್ಣಿನ ವಿಡಿಯೋ ನಂಬಬೇಡಿ, ಎಲ್ಲ ಟಿವಿಯಲ್ಲೂ ಅದು ಚೆಂದವೇ. ಅಂಗಡಿಯಲ್ಲಿ ಕಣ್ಣು ಸೆಳೆಯಲು ಹಾಕಿಟ್ಟ ಸ್ಟೋರ್ ಮೋಡ್ ತೆಗೆಸಿ, ಸಿನಿಮಾ ಮೋಡ್ ಹಾಕಿಸಿ. ಕಪ್ಪು ಚಿತ್ರ ಹಾಕಿ ಪಕ್ಕಕ್ಕೆ ಸರಿದು ನೋಡಿ. ಇಡೀ ಪರದೆ ಬೆಳ್ಳಗೆ ಹೊಗೆಯಾಡಿದ ಹಾಗೆ ಕಂಡರೆ ಅದು ಹೆಚ್ಚಾಗಿ ಐಪಿಎಸ್. ಮೂಲೆಗಳಲ್ಲಿ ಬೆಳಕು ಸೋರುತ್ತಿದೆಯಾ ಅಂತಲೂ ನೋಡಿ. ಅಂಗಡಿಯ ದೀಪಗಳ ಕೆಳಗೆ ಇದು ಸರಿಯಾಗಿ ಗೊತ್ತಾಗುವುದಿಲ್ಲ, ಒಂದು ಸಾಲು ದೀಪ ಆರಿಸಲು ಕೇಳಿ. ದೊಡ್ಡ ಮೊತ್ತದ ಗಿರಾಕಿ ನೀವು, ಕೇಳುವುದರಲ್ಲಿ ಸಂಕೋಚ ಬೇಡ.

ಮನೆಗೆ ತಂದ ದಿನವೇ ಬ್ಯಾಕ್‌ಲೈಟ್ ನೂರರಲ್ಲಿ ಇದ್ದರೆ ಅರವತ್ತರ ಹತ್ತಿರಕ್ಕೆ ಇಳಿಸಿ. ನನ್ನ ಕೈಗೆ ಬಂದ ಎಲ್‌ಇಡಿ ಟಿವಿಗಳಲ್ಲಿ ಪದೇ ಪದೇ ಕಂಡ ರೋಗ ಇದೇ: ಧ್ವನಿ ಬರುತ್ತದೆ, ಚಿತ್ರ ಇಲ್ಲ. ಹಿಂದಿನ ಎಲ್‌ಇಡಿ ಪಟ್ಟಿ ಬಿಸಿಗೆ ಸುಟ್ಟಿರುತ್ತದೆ. ಬೆಳಕು ತಗ್ಗಿಸಿದರೆ ಅದರ ಆಯುಷ್ಯ ಬೆಳೆಯುತ್ತದೆ, ಕಪ್ಪೂ ಸುಧಾರಿಸುತ್ತದೆ. ಕಲರ್ ಟೆಂಪರೇಚರ್ ವಾರ್ಮ್‌ಗೆ ಇಡಿ, ಮೊದಲ ಎರಡು ದಿನ ಹಳದಿ ಅನ್ನಿಸಿ ಆಮೇಲೆ ಕಣ್ಣು ಒಗ್ಗುತ್ತದೆ. ಚಲನೆಯನ್ನು ನಯ ಮಾಡುವ ಮೋಷನ್ ಸೌಲಭ್ಯ ಕ್ರಿಕೆಟ್ಟಿಗೆ ಸರಿ. ಯಕ್ಷಗಾನಕ್ಕೆ ಅದನ್ನು ಆಫ್ ಮಾಡಿಬಿಡಿ, ವೇಗದ ಕುಣಿತದಲ್ಲಿ ಕೈಕಾಲುಗಳ ಅಂಚು ಒಡೆದ ಹಾಗೆ ಕಾಣುತ್ತದೆ.

ಒದ್ದೆ ಬಟ್ಟೆಯಿಂದ ಪರದೆ ಒರೆಸಬೇಡಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನೀರು ಕೆಳಗೆ ಇಳಿದು ಅಂಚಿನೊಳಗೆ ಸೇರಿದರೆ ಅಲ್ಲಿರುವ ತೆಳು ಪಟ್ಟಿಗಳು ಹಾಳಾಗಿ ಪರದೆಯಲ್ಲಿ ಉದ್ದುದ್ದ ಗೆರೆ ಬೀಳುತ್ತದೆ. ಆಮೇಲೆ ಪ್ಯಾನೆಲ್ಲೇ ಬದಲಿಸಬೇಕು, ಅದರ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ. ಒಣಗಿದ ಮೆತ್ತನೆ ಬಟ್ಟೆ ಸಾಕು.

ಸಿಡಿಲಿಗೆ ಮಾತ್ರ ಯಾವ ಟಿವಿಯೂ ಒಂದೇ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸ್ಟೆಬಿಲೈಸರ್ ಇದ್ದರೂ ಸಾಲದು. ಪ್ಲಗ್ ಕಿತ್ತು ಡಿಶ್ ವೈರ್ ಬಿಟ್ಟವರ ಟಿವಿಗಳೂ ನನ್ನ ಬಳಿ ಬಂದಿವೆ, ಸಿಡಿಲು ಡಿಶ್ಶಿನಿಂದ ಇಳಿದು ಬಾಕ್ಸ್ ದಾಟಿ ಎಚ್‌ಡಿಎಂಐ ವೈರ್ ಹಿಡಿದು ಟಿವಿಯ ಬೋರ್ಡ್ ಸುಟ್ಟಿರುತ್ತದೆ. ಡಿಶ್ ವೈರ್ ಬಿಚ್ಚಿ, ಇಂಟರ್ನೆಟ್ ವೈರ್ ಟಿವಿಗೆ ನೇರ ಹಾಕಿದ್ದರೆ ಅದನ್ನೂ ಬಿಚ್ಚಿ ದೂರ ಇಡಿ. ಗುಡುಗು ಶುರುವಾದ ಮೇಲೆ ವೈರ್ ಮುಟ್ಟುವುದು ಅಪಾಯ, ಮೊದಲೇ ಬಿಚ್ಚಬೇಕು.

ಭಾವನ ಪ್ಲಾಸ್ಮಾವನ್ನು ಯಾರೂ ಕೊಳ್ಳದಿದ್ದರೆ ಗುಜರಿಯವರಿಗೆ ಹಾಕಬೇಡಿ ಅಂತ ಅವರಿಗೂ ತಿಳಿಸಿ. ಬೆಂಗಳೂರಿನಲ್ಲಿ ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿದ್ದಾರೆ, ಅವರಿಗೆ ಕೊಡಲಿ. ಅದಕ್ಕೂ ಮೊದಲು ಹಳೇ ಟಿವಿ ರಿಪೇರಿ ಮಾಡುವ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಲಿ. ಎಲ್ಲೋ ಒಬ್ಬರ ಮನೆಯ ಅದೇ ಮಾದರಿಯ ಟಿವಿಗೆ ಅದರ ಬೋರ್ಡ್ ಬೇಕಾಗಿರಬಹುದು.